ಪೋಪರ ಅಪ್ಪಣೆಯ ಮೇರೆಗೆ ಒಂದು ಫೆಬ್ರವರಿ

ಎರಡು ಸಾವಿರದ ಇಸವಿ ಹತ್ತಿರ ಬರುತ್ತಿದ್ದಾಗ ನ್ಯೂಜೆರ್ಸಿಯಲ್ಲಿ ನಮ್ಮಂಥ ಪ್ರೋಗ್ರಾಮರುಗಳಿಗೆಲ್ಲ ಇದ್ದದ್ದು ಒಂದೇ ಕಸುಬು: ಹಳೆಯ ಪ್ರೋಗ್ರಾಮುಗಳಲ್ಲಿ ತಾರೀಖುಗಳನ್ನು ಹುಡುಕಿ ರಿಪೇರಿ ಮಾಡುವುದು. ನನ್ನ ಪಾಲಿಗೆ ಬಂದದ್ದು ಒಂದು ಸಾಗಣೆ ಕಂಪನಿಯ ಪ್ರೋಗ್ರಾಮು. ಅದನ್ನು ಬರೆದು ನಿವೃತ್ತನಾಗಿದ್ದ ಪುಣ್ಯಾತ್ಮ, ನಾಲ್ಕು ವರ್ಷಕ್ಕೊಮ್ಮೆ ಅಧಿಕ ದಿನ ಎಂದಷ್ಟೇ ನಂಬಿದ್ದ. ನೂರರಿಂದ ಭಾಗವಾಗುವ ವರ್ಷಕ್ಕೆ ಅದು ಸಲ್ಲದೆಂದು ಬಲ್ಲ ನಾನು ಅವನ ಅಜ್ಞಾನಕ್ಕೆ ಮರುಗಿ, ಎರಡು ಸಾವಿರದ ಫೆಬ್ರವರಿಯಿಂದ ಒಂದು ದಿನವನ್ನು ಕಿತ್ತುಹಾಕಿದೆ.

ಆ ವಾರವೇ ಮಗಳ ಶಾಲೆಯಲ್ಲಿ ಚೀಟಿ ಎತ್ತಿಸಿ ಪ್ರಬಂಧದ ವಿಷಯ ಕೊಟ್ಟರು. ಅವಳಿಗೆ ಬಂದವರು ಹದಿನಾರನೆಯ ಶತಮಾನದಲ್ಲಿ ಕ್ಯಾಲೆಂಡರು ತಿದ್ದಿಸಿದ ಪೋಪ್. ಪ್ರಾಟೆಸ್ಟೆಂಟರ ಎದುರು ತಮ್ಮ ಮತವನ್ನು ಗಟ್ಟಿಮಾಡಲು ಪಾದ್ರಿಗಳಿಗೆ ಕಾಲೇಜುಗಳನ್ನು ಕಟ್ಟಿಸಿದವರು. ಭಾನುವಾರ ಮಧ್ಯಾಹ್ನ ಮೆಟುಚೆನ್ನಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಫೋನ್ ಲೈನು ಹಿಡಿದು ಕೂತು ಇಂಟರ್ನೆಟ್ಟಿನಲ್ಲಿ ಅವರನ್ನು ಹುಡುಕಿದೆವು. ಕಾಲೇಜುಗಳ ಬಗ್ಗೆ ಅರ್ಧ ಪುಟ ಸಿಕ್ಕಿತು. ಉಳಿದದ್ದೆಲ್ಲ ಅವರು ಹಾರಿಸಿದ ಹತ್ತು ದಿನಗಳದ್ದೇ ಗಲಾಟೆ. ಆ ದಿನಗಳಲ್ಲಿ ಹುಟ್ಟುಹಬ್ಬವಿದ್ದವರ ಗತಿಯೇನೆಂದು ಲೋಕದ ಜನ ಚಿಂತಾಕ್ರಾಂತರಾಗಿದ್ದರು. ಕ್ಷಯತಿಥಿಗಳ ಪಂಚಾಂಗ ನೋಡಿ ಬೆಳೆದ ನನಗೆ ದಿನ ಮಾಯವಾಗುವುದು ಅಂಥ ಸುದ್ದಿಯೆನಿಸಲಿಲ್ಲ.

"ಅಪ್ಪಾ, ಲಿಸನ್" ಎಂದು ಮಗಳು ಓದಿದಳು. ನೂರರ ವರ್ಷಗಳಿಗೆ ಅಧಿಕ ದಿನವಿಲ್ಲ. ಆದರೆ ನಾನೂರರಿಂದ ಭಾಗವಾದರೆ ಉಂಟು. "ಸೋ ಟೂ ಥೌಸಂಡ್ ಗೆಟ್ಸ್ ಒನ್."

ಅಜ್ಞಾನಿಯ ಫೆಬ್ರವರಿ ಸರಿಯಾಗಿತ್ತು. ಅರ್ಧ ಬಲ್ಲ ನಾನು ಅದನ್ನು ಕೆಡಿಸಿದ್ದೆ. ನನ್ನ ಕಾಂಟ್ರಾಕ್ಟ್ ಮುಂದುವರಿಸುವ ಕಾಗದ ಆಗ ಟೀಮ್ ಲೀಡರ ಮೇಜಿನ ಮೇಲಿತ್ತು. ಅದು ನಿಂತರೆ ವೀಸಾವೂ ನಿಂತಂತೆ. ತಪ್ಪನ್ನು ಯಾರೂ ಹಿಡಿದಿರಲಿಲ್ಲ. ಸುಮ್ಮನಿದ್ದರೆ ಫೆಬ್ರವರಿಯವರೆಗೆ ಸುಖಿ.

ಸೋಮವಾರ ಬದಲಾವಣೆಯ ಫಾರಂ ತುಂಬಿದೆ. ಯಾರ ಆದೇಶದ ಮೇರೆಗೆ ಎಂದು ಕೇಳಿದ್ದ ಕಡೆ 'ಪೋಪ್' ಎಂದು ಬರೆದು, ಧಾರವಾಡದವರಾದ ಲೀಡರ ಮುಂದಿಟ್ಟೆ.

"ಪೋಪ್ ಯಾವಾಗ್ರೀ ನಮ್ಮ ಟೀಮಿಗೆ ಜಾಯಿನ್ ಆದದ್ದು?"

"ನಾನೂರು ವರ್ಷ ಆಯ್ತು ಸಾರ್. ರೂಲ್ ಅವರದ್ದು, ತಪ್ಪು ನಂದು."

"ಟೆಸ್ಟಿಂಗ್‌ನ್ಯಾಗ ಪಾಸ್ ಆಗೇದಲ್ಲ?"

"ಟೆಸ್ಟ್ ಬರೆದವನೂ ನಾನೇ."

ಅವರು ಕನ್ನಡಕ ತೆಗೆದು ಒರೆಸಿದರು. "ನಿಮ್ಮ ಎಕ್ಸ್‌ಟೆನ್ಷನ್ ಕಾಗದ ಇಲ್ಲೇ ಅದ. ಗೊತ್ತದ ಏನು?"

"ಗೊತ್ತು ಸಾರ್."

ಅವರು ಪೋಪರನ್ನು ಹೊಡೆದುಹಾಕಿ ಅಲ್ಲಿ ನನ್ನ ಹೆಸರು ಬರೆದರು. "ಅವರಿಗೆ ನಮ್ಮಲ್ಲಿ ಲಾಗಿನ್ ಇಲ್ಲ. ನೀವೇ ಸರಿ ಮಾಡ್ರಿ. ಆಮ್ಯಾಲೆ ಫೆಬ್ರವರಿ ಇಪ್ಪತ್ತೊಂಬತ್ತಕ್ಕ ನೀವೇ ಇಲ್ಲಿ ಕುಂತು ಕಾಯ್ರಿ."

ಆ ದಿನ ನಾನು ಅಲ್ಲಿ ಕುಂತು ಕಾಯಬೇಕಾದರೆ ಇನ್ನೊಂದು ಕಾಗದಕ್ಕೂ ಸಹಿ ಬೀಳಲೇಬೇಕಿತ್ತು. ಬಿತ್ತು.