ಸೋಮಕ್ಕನ ಮೊದಲ ಹೆಡಿಗೆ

ಬೆಂಡೆಕಾಯಿಯ ತುದಿ ಮುರಿದು ನೋಡಿದವರ ಕೈಮೇಲೆ ಸೋಮಕ್ಕ ಫಟ್ಟನೆ ಹೊಡೆಯುತ್ತಿದ್ದಳು. "ಮುರುದ್ರೆ ತಕಳ್ಳೂದೇ. ನಾ ನಿಮ್ಮ ಬೆರಳು ಮುರುದು ನೋಡ್ತ್ನಾ?" ಮಾಮಲೇದಾರರ ಹೆಂಡತಿಗೂ ಈ ಏಟು ಬಿದ್ದಿತ್ತು. ಮದುವೆಯಾಗಿ ಕುಮಟೆಗೆ ಬಂದ ಹೊಸತರಲ್ಲಿ ನಾನೂ ತಿಂದೆ. ಆಮೇಲೆ ವರ್ಷಗಟ್ಟಲೆ ಪೇಟೆಯಲ್ಲಿ ಬೇರೆಯವರ ಹತ್ತಿರ ತರಕಾರಿ ಕೊಳ್ಳಲೇ ಇಲ್ಲ.

ಭತ್ತ ಕೊಯ್ದ ಗದ್ದೆಯಲ್ಲಿ ಗುಂಡಿ ತೋಡಿ, ಕೊಡದಲ್ಲಿ ನೀರು ಹೊತ್ತು, ಬೆಂಡೆ, ಅಲಸಂದೆ, ಮೊಗೆಕಾಯಿ ಬೆಳೆಯುತ್ತಿದ್ದಳು. ಗಂಡ ಸತ್ತ ಮೇಲೆ ಅವಳಿಗೆ ಅದೊಂದೇ ಆಧಾರ. ಅದೂ ತಪ್ಪಿ ಇನ್ನೊಬ್ಬರ ಕೂಲಿಗೆ ಹೋಗುವ ಕಾಲ ಬಾರದಿರಲಿ ಎಂದು ದಿನಾ ದೇವರಿಗೆ ಕೈಮುಗಿಯುವಳು. ಆದರೂ ಫಸಲಿನ ಮೊದಲ ಹೆಡಿಗೆಯನ್ನು ಮಾತ್ರ ಮಾರುತ್ತಿರಲಿಲ್ಲ. ಪೇಟೆಯಲ್ಲಿ ಮೊಗೆಕಾಯಿಯ ಸುಳಿವೇ ಇಲ್ಲದ, ಒಳ್ಳೇ ದರ ಸಿಗುವ ಆ ದಿನಗಳಲ್ಲೇ ನಮ್ಮ ಕೇರಿಯ ಮನೆಮನೆಗೂ ಹೊಸ್ತು ಎಂದು ಒಂದೊಂದು ಇಟ್ಟು ಹೋಗುವಳು. "ಹೊಸ್ತು ಉಂಡ ಮನಿಯವ್ರು ಆ ವರ್ಷ ಬೇರೆ ಕಡಿ ತಕಳ್ಳೂದಿಲ್ಲ, ತಂಗಿ." ಆಗೆಲ್ಲ ಅದು ನಿಜವೇ ಆಗಿತ್ತು.

ಅಷ್ಟರಲ್ಲಿ ದೇವಿಮನೆ ಘಟ್ಟ ಇಳಿದು ತರಕಾರಿ ಲಾರಿ ಬರತೊಡಗಿತು. ಘಟ್ಟದ ಮೇಲಿನ ದೊಡ್ಡ ಬೆಳೆಗಾರರ ಮಾಲು. ಅವಳದ್ದಕ್ಕಿಂತ ಮೊದಲೇ ಬರುತ್ತಿತ್ತು, ಅವಳದ್ದಕ್ಕಿಂತ ಅಗ್ಗವೂ ಆಗಿತ್ತು. "ಈ ವರ್ಷವಾದರೂ ಮೊದಲ ಹೆಡಿಗೆ ಮಾರು ಸೋಮಕ್ಕ" ಎಂದು ಬಾಯಿ ನೋಯುವಷ್ಟು ಹೇಳಿದೆ.

"ದಿನಾ ಕಂಡ ಮುಖದವ್ರು, ನನ್ನ ಬಿಡ್ತ್ರಾ?" ಎಂದು ನಕ್ಕು, ಹಂಚಿಯೇ ಬಿಟ್ಟಳು.

ಕೇರಿಯವರು ಹುಳಿ ಮಾಡಿ ಉಂಡರು. ಮರುವಾರ ಚೀಲ ಹಿಡಿದು ಲಾರಿ ಮಾಲಿನ ಅಂಗಡಿಗೆ ನಡೆದರು. ನಮ್ಮತ್ತೆಯೂ ಹೋದರು. ನಾನು ಕೇಳಿದ್ದಕ್ಕೆ, "ಎಂತ? ಒಂದು ಮೊಗೆಕಾಯಿ ಕೊಟ್ಳು ಅಂತ ವರ್ಷಪೂರ್ತಿ ಅವಳತ್ರೇ ತಕಳ್ಳೂದಾ? ಅಗ್ಗ ಸಿಕ್ಕಲ್ಲಿ ತಕಂಡ್ರಾತು" ಎಂದರು. ಸೋಮಕ್ಕ ಸಂಜೆಯವರೆಗೆ ಕೂತು, ತುಂಬಿದ ಹೆಡಿಗೆಯನ್ನು ಹಾಗೆಯೇ ಹೊತ್ತುಕೊಂಡು ಹೋಗುವಳು. ಬಾಡಿದ್ದು ಎಮ್ಮೆಯ ಪಾಲಾಗುತ್ತಿತ್ತು.

ಮರುವರ್ಷ ಗದ್ದೆ ಬೀಳುಬಿತ್ತು. ಅವಳನ್ನು ಕೊನೆಯ ಸಲ ಕಂಡದ್ದು ಉಪ್ಪಿನ ಆಗರದಲ್ಲಿ, ಕೂಲಿಗೆ ಉಪ್ಪು ಹೊರುತ್ತಿದ್ದಾಗ. ಬಿರಿದ ಹಿಮ್ಮಡಿಗೆ ಉಪ್ಪು ಕಚ್ಚಿ ಕುಂಟುತ್ತಿದ್ದಳು. ನನ್ನನ್ನು ಕಂಡು ನಿಂತಳು.

"ಕೇರಿಯವ್ರು ನನ್ನ ಸುದ್ದಿ ಎಂತಾರೂ ಮಾತಾಡ್ತ್ರಾ, ತಂಗಿ?"

ಮಾತಾಡುತ್ತಿದ್ದರು. ಆ ವಾರವೆಲ್ಲ ಕೇರಿಯಲ್ಲಿ ಒಂದೇ ಮಾತು: "ಸೋಮಿಗೆ ಸೊಕ್ಕು ಬಂತು. ಈ ವರ್ಷ ಹೊಸ್ತು ಕೊಡೂಕೇ ಬರ್ಲಿಲ್ಲ."