ಗವರ್ನರ್ ಕೂರಿಸುವವಳು

ಮಧ್ಯಾಹ್ನದ ಬಸ್ಸಿಗೆ ಹೊರಟಿದ್ದವಳನ್ನು ಆ ಹಳೆಯ ಟ್ರ್ಯಾಕ್ಟರು ಮತ್ತೊಮ್ಮೆ ತಡೆಯಿತು. ತಂಗಿಗೆ ಚೊಚ್ಚಲ ಹೆರಿಗೆ, ದಿನ ತುಂಬಿತ್ತು. "ಅಕ್ಕ, ಈ ಸಲ ಏನೂ ನೆಪ ಹೇಳ್ಬೇಡ" ಎಂದು ಬೆಳಿಗ್ಗೆ ಫೋನಿನಲ್ಲಿ ಮೂಗು ಎಳೆದಿದ್ದಳು. ತಾಯಿಯಿಲ್ಲದ ಮನೆಯಲ್ಲಿ ಹೆರಿಗೆಗೆ ಹತ್ತಿರ ನಿಲ್ಲಬೇಕಾದವಳು ಇವಳೊಬ್ಬಳೇ.

"ಅದೊಂದು ಗವರ್ನರ್ ಕೂರಿಸಿಬಿಟ್ಟು ಹೋಗಮ್ಮ," ಎಂದರು ಮಾವ, ಶೆಡ್ಡಿನ ಬಾಗಿಲಿನ ಕುರ್ಚಿಯಿಂದ. "ಎಷ್ಟೊತ್ತಿನ ಕೆಲಸ."

ಶೆಡ್ಡು ಮನೆಗೇ ಅಂಟಿಕೊಂಡಿತ್ತು. ಅನ್ನ ಬೇಯುವ ವಾಸನೆ ಅಲ್ಲಿಗೂ ಡೀಸೆಲ್ ವಾಸನೆ ಇಲ್ಲಿಗೂ ಹೇಳದೆ ಕೇಳದೆ ಬಂದು ಹೋಗುತ್ತಿದ್ದವು. ಮದುವೆಯಾದ ಹೊಸದರಲ್ಲಿ ಚಹಾ ಕೊಡಲಷ್ಟೇ ಅವಳು ಆ ಹೊಸ್ತಿಲು ದಾಟುತ್ತಿದ್ದಳು. ಗಂಡ ಲಾರಿ ಹತ್ತಿ ದೂರದ ದಾರಿ ಹಿಡಿದ. ಮಾವನ ಕೈ ನಡುಗತೊಡಗಿತು. "ಇದನ್ನೊಂಚೂರು ಹಿಡ್ಕೊಳಮ್ಮ" ಎಂಬಲ್ಲಿಂದ ಎಲ್ಲ ಶುರುವಾದದ್ದು. ಮೊದಮೊದಲು ಕೈ ಅವಳದು, ಎಂಜಿನ್ನಿನ ಸದ್ದು ಹಿಡಿಯುವ ಕಿವಿ ಮಾವನದು. ಬರುಬರುತ್ತ ಕಿವಿಯೂ ಅವಳದೇ ಆಯಿತು. ಬಂದವರು ಮಾತ್ರ ಕುರ್ಚಿಗೇ ಶಹಬ್ಬಾಸ್ ಹೇಳಿ ಹೋಗುತ್ತಿದ್ದರು.

ಎಂಜಿನ್ನಿನ ದನಿ ಏರುತ್ತಿತ್ತು, ಕುಸಿಯುತ್ತಿತ್ತು, ಮತ್ತೆ ಏರುತ್ತಿತ್ತು.

"ಮಾವನ ಮನೇಲಿ ಊಟಕ್ಕೆ ಕೂತ ಅಳಿಯನ ಹಾಗೆ ನೋಡಿ," ಎಂದ ಟ್ರ್ಯಾಕ್ಟರಿನ ಯಜಮಾನ. "ಸಾಕು ಅನ್ನುತ್ತೆ, ಇನ್ನೊಂಚೂರು ಬಡಿಸಿ ಅನ್ನುತ್ತೆ."

"ಅಳಿಯಂಗೆ ವಯಸ್ಸಾಯ್ತಪ್ಪ," ಎಂದರು ಮಾವ.

ಅವಳು ನಗಲಿಲ್ಲ. ಹೊರೆ ಬಿದ್ದಾಗ ಡೀಸೆಲ್ ಹೆಚ್ಚಿಸಬೇಕು, ಹಗುರಾದಾಗ ತಡೆಯಬೇಕು, ಎಂಜಿನ್ನಿನ ಓಟ ಒಂದೇ ಸಮ ಇರಬೇಕು. ಗವರ್ನರಿನ ಕೆಲಸವೇ ಅಷ್ಟು. ನಿನ್ನೆ ಸಂಜೆ ಅವಳು ಕೂರಿಸಿದ್ದಾಗ ಸಮನಾಗಿಯೇ ಓಡಿತ್ತು. ರಾತ್ರಿ ಇಲ್ಲೇ ನಿಂತಿದ್ದ ಟ್ರ್ಯಾಕ್ಟರು ಬೆಳಿಗ್ಗೆ ಹಳೇ ರಾಗ ತೆಗೆದಿತ್ತು. ಹೋದ ಸಲ ಅವಳು ತಂಗಿಯ ಮನೆಗೆ ಹೊರಟಾಗಲೂ ಹೀಗೇ ಆಗಿತ್ತು.

ಎಂಜಿನ್ ಆರಿಸಿ, ಗವರ್ನರಿನಿಂದ ಡೀಸೆಲ್ ಪಂಪಿಗೆ ಹೋಗುವ ಕಡ್ಡಿಯನ್ನು ಬಿಚ್ಚಿ ಕೈಯಲ್ಲಿ ಆಡಿಸಿದಳು. ಎಲ್ಲೂ ಹಿಡಿಯುತ್ತಿರಲಿಲ್ಲ. ಸ್ಪ್ರಿಂಗು ಗಟ್ಟಿಯಾಗಿತ್ತು. ಕಡ್ಡಿಯ ಉದ್ದ ಮಾತ್ರ ತಪ್ಪಿತ್ತು, ಅದನ್ನು ಬಿಗಿಹಿಡಿಯುವ ನಟ್ಟು ಸಡಿಲವಾಗಿತ್ತು. ಬೆಳಕಿಗೆ ಹಿಡಿದು ನೋಡಿದಳು. ನಿನ್ನೆಯಷ್ಟೇ ಹಾಕಿದ ಹೊಸ ನಟ್ಟಿನ ಮೂಲೆಗಳು ತರಚಿಹೋಗಿದ್ದವು. ಸ್ಪ್ಯಾನರು ಕೂರದೆ ಜಾರಿ, ಕೂರದೆ ಜಾರಿ ಆದ ಗೀರುಗಳು.

ಉದ್ದ ಸರಿಮಾಡಿ ನಟ್ಟು ಬಿಗಿದಳು. ಯಜಮಾನ ನೇಗಿಲು ಇಳಿಸಿ ಪಕ್ಕದ ಹೊಲದಲ್ಲಿ ಒಂದು ಸುತ್ತು ಹೊಡೆದ. ಹೊರೆಗೂ ದನಿ ಕುಗ್ಗಲಿಲ್ಲ. "ಮೇಸ್ತ್ರಿ ಅಂದ್ರೆ ಮೇಸ್ತ್ರಿ" ಎಂದು ಕುರ್ಚಿಯತ್ತ ಕೂಗಿ, ಹಾಗೆಯೇ ಮನೆಯ ದಾರಿ ಹಿಡಿದ.

ಅವಳು ಕೈ ಒರೆಸಿಕೊಳ್ಳುತ್ತ ಬಂದು ನಿಂತಳು.

"ಮಾವ, ನಟ್ಟಿನ ಮೇಲೆ ಸ್ಪ್ಯಾನರ್ ಜಾರಿದೆ."

"ಹಳೇ ನಟ್ಟು."

"ನಿನ್ನೆ ಹಾಕಿದ್ದು."

ಮಾವ ರಸ್ತೆ ನೋಡಿದರು. "ನೀನಿಲ್ಲದಾಗ ಯಾರಾದ್ರೂ ಬಂದ್ರೆ," ಎಂದರು, "ಅವರ ಮುಂದೆ ಈ ನಡುಗೋ ಕೈಲಿ ನಾನು ಸ್ಪ್ಯಾನರ್ ಹಿಡೀಬೇಕಾಗುತ್ತಲ್ಲಮ್ಮ."

"ಹತ್ತು ದಿನ ಬೀಗ ಹಾಕಿದ್ರೆ ಆಗಲ್ವಾ?"

"ಬೀಗ ಹಾಕಿದ್ರೆ ಯಾಕೆ ಅಂತ ಕೇಳ್ತಾರೆ."

ಬೈಯಲೆಂದೇ ಬಂದಿದ್ದವಳು ಕೈ ಒರೆಸಿದ ಬಟ್ಟೆಯನ್ನು ಮಡಿಸತೊಡಗಿದಳು. ಅವರು ಗದರಿದ್ದರೆ ಚೀಲ ಎತ್ತಿಕೊಂಡು ನಡೆದುಬಿಡಬಹುದಿತ್ತು. ತಿರುವಿನಲ್ಲಿ ಬಸ್ಸಿನ ಹಾರನ್ನು ಕೇಳಿತು. ಓಡಿದರೆ ಇನ್ನೂ ಸಿಗುತ್ತಿತ್ತು.

ಅಷ್ಟರಲ್ಲಿ ಸೈಕಲ್ಲಿಗೆ ಪಂಪ್‌ಸೆಟ್ಟಿನ ಭಾಗವೊಂದನ್ನು ಕಟ್ಟಿಕೊಂಡು ಬಂದವನೊಬ್ಬ ಕಾಲೂರಿ ನಿಂತ.

"ಮೇಸ್ತ್ರಿ ಕೆಲಸಕ್ಕೆ ಸಿಗ್ತಾರಾ?"

ಮಾವ ಎರಡೂ ಕೈಗಳನ್ನು ಮೆಲ್ಲನೆ ತೊಡೆಯ ಮೇಲಿನ ಟವಲಿನ ಅಡಿಗೆ ಸರಿಸಿಕೊಂಡರು. ಅವಳತ್ತ ನೋಡಲಿಲ್ಲ. ಸೈಕಲ್ಲಿನವನ ಬೆನ್ನ ಹಿಂದೆ ಬಸ್ಸು ಧೂಳೆಬ್ಬಿಸಿ ದಾಟಿಹೋಯಿತು.

"ಸಿಗ್ತಾರೆ," ಎಂದಳು ಅವಳು. "ಇಳಿಸಿ. ಏನಾಗಿದೆ ಅದಕ್ಕೆ?"