ಮೊದಲು ಒಲೆ ಆರಿಸಿ

ಅವರೆಕಾಳಿನ ಕುಕ್ಕರ್ ಎರಡು ಸಲ ಕೂಗಿತ್ತು. ಮೂರನೆಯ ಕೂಗಿಗೆ ಕಾಯುತ್ತ ನಾನು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಪಕ್ಕದ ಮನೆಯ ಗೌರಕ್ಕ ಹಿತ್ತಿಲ ಬಾಗಿಲಿನಿಂದ ಬಂದವರು ನೇರ ಒಲೆಯ ಹತ್ತಿರ ಹೋಗಿ ಗ್ಯಾಸ್ ಆರಿಸಿದರು. ಯಾರೋ ತೀರಿಕೊಂಡಿದ್ದಾರೆ ಎಂದು ನನಗೆ ಅಲ್ಲೇ ಗೊತ್ತಾಯಿತು.

"ಯಾರಕ್ಕ?" ಎಂದೆ.

"ಬೆಳ್ಳಣ್ಣ. ಕಾಫಿ ಕುಡಿದು ಲೋಟ ಕೆಳಗಿಟ್ಟರಂತೆ, ಅಷ್ಟೇ. ಫೋನಿನಲ್ಲಿ ಒಲೆ ಆರಿಸಿ ಅಂದದ್ದು ಅವರದೇ ದನಿ. ಆಮೇಲೆ ಹೆಸರು ಹೇಳಿದ್ದು ಕಾಳಕ್ಕ. ನಂಬಿಕೆ ಬರದೆ ಎರಡು ಸಲ ಕೇಳಿದೆ."

ಕಾಳಕ್ಕ ಅವರ ಹೆಂಡತಿ. ಗೌರಕ್ಕ ಈ ಹಟ್ಟಿಯಲ್ಲೇ ಹುಟ್ಟಿದವರಾದ್ದರಿಂದ ಅವರಿಗೆ ಬೆಳ್ಳಣ್ಣ. ಗುಂಡ್ಲುಪೇಟೆ ಕಡೆಯಿಂದ ಸೊಸೆಯಾಗಿ ಬಂದ ನನಗೆ ಬೆಳ್ಳಿ ಭಾವ. ಊಟಿ ಬೆಟ್ಟದಲ್ಲಿ, ತುಮ್ಮನಟ್ಟಿಯ ಇಳಿಜಾರಿನ ನಮ್ಮ ಪುಟ್ಟ ಹಟ್ಟಿಯಲ್ಲಿ ಗಂಡಸರೆಲ್ಲ ಅಣ್ಣತಮ್ಮಂದಿರೇ, ಹಾಗಾಗಿ ನನಗೆ ಭಾವಂದಿರಿಗೆ ಬರವಿಲ್ಲ. ಆದರೆ ಬರಿಯ 'ಭಾವ' ಎಂದರೆ ಅದು ಇವರೊಬ್ಬರೇ. ಅವರೂ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. "ಏನು ಗುಂಡ್ಲುಪೇಟೆ, ಇವತ್ತು ಏನು ಸಾರು?" ಎಂದೇ ಕೇಳುತ್ತಿದ್ದರು. ಅವರು ಆಡುತ್ತಿದ್ದದ್ದು ಬೆಟ್ಟದ ಮಾತು. ನಾನದನ್ನು ನನ್ನ ಬಾಯಿಗೆ ಬರುವ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ತಲೆಗೆ ಉಣ್ಣೆಯ ಟೋಪಿ, ಸ್ವೆಟರಿನ ಕತ್ತಿನ ಬಳಿ ಸಿಕ್ಕಿಸಿದ ಒಂದು ಟೆಸ್ಟರ್, ಮೂಗಿನ ಮೇಲೆ ಒಂದು ಕನ್ನಡಕ, ಹಣೆಯ ಮೇಲೆ ಇನ್ನೊಂದು. ಟೀ ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಒಮ್ಮೆ ಲವ್‌ಡೇಲ್ ಕಡೆಯ ಒಂದು ಶಾಲೆಗೆ ಕಂಪ್ಯೂಟರ್ ಕೋಣೆಯ ವೈರಿಂಗ್ ಮಾಡಲು ಹೋಗಿ, ಎರಡು ದಿನದ ಕೆಲಸವನ್ನು ಹತ್ತು ದಿನ ಎಳೆದು, ಹಿಂದಿನ ಬೆಂಚಿನಲ್ಲಿ ಕೂತು ಪಾಠವನ್ನೂ ಕೇಳಿ ಬಂದರಂತೆ. "ಸ್ವಿಚ್ಚು ಒತ್ತಿದರೆ ದೀಪ ಹತ್ತಬೇಕು. ಪ್ರೋಗ್ರಾಮ್ ಅಂದರೂ ಅಷ್ಟೇ, ವೈರು ಕಾಣಲ್ಲ," ಎನ್ನುತ್ತಿದ್ದರು. ರಿಟೈರಾದ ಮೇಲೆ ಫೋನಿಗೆ ಆ್ಯಪ್ ಬರೆಯುವುದನ್ನು ತಾವೇ ಕಲಿತರು. ಜೀವಮಾನದಲ್ಲಿ ಒಂದೇ ಒಂದು ಆ್ಯಪ್ ಮಾಡಿದರು. ಅದರ ಹೆಸರು 'ಸುದ್ದಿ'.

ನಮ್ಮಲ್ಲಿ ಸಾವಾದರೆ ಯಾವ ಯಾವ ಹಟ್ಟಿಯ ಯಾವ ಯಾವ ಮನೆಗೆ ಹೇಳಬೇಕು, ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬುದಕ್ಕೆಲ್ಲ ಲೆಕ್ಕವಿದೆ. ಒಂದು ಮನೆ ತಪ್ಪಿದರೂ ಅದು ತಲೆಮಾರಿನ ಮುನಿಸು. ಹಿಂದೆ ಆಳು ನಡೆದುಹೋಗಿ ಹೇಳುತ್ತಿದ್ದ. ಭಾವನ ಆ್ಯಪ್‌ನಲ್ಲಿ ಒಬ್ಬರು ಗುಂಡಿ ಒತ್ತಿ ಹೆಸರು ಹೇಳಿದರೆ ಸಾಕು, ಎಲ್ಲ ಮನೆಗಳಿಗೂ ಮೆಸೇಜು ಹೋಗಿ, ಫೋನು ಸೈಲೆಂಟಿನಲ್ಲಿದ್ದರೂ ಕೂಗುತ್ತಿತ್ತು. ಮೊದಲು ಭಾವನ ದನಿ: "ಮೊದಲು ಒಲೆ ಆರಿಸಿ. ಕೂತುಕೊಳ್ಳಿ. ಆಮೇಲೆ ಕೇಳಿ." ಅದರ ನಂತರವೇ ಸತ್ತವರ ಹೆಸರು. ಕೇಳಿಸಿಕೊಂಡವರು ಗುಂಡಿ ಒತ್ತಿದರೆ ಭಾವನ ಫೋನಿನಲ್ಲಿ ಆ ಮನೆಯ ಮುಂದೆ ಹಸಿರು ಗುರುತು ಬೀಳುತ್ತಿತ್ತು.

"ಒಲೆ ಯಾಕೆ ಭಾವ?" ಎಂದು ಕೇಳಿದ್ದೆ.

"ಸಾವಿನ ಸುದ್ದಿ ಕೇಳಿ ಓಡೋರು ನೀವು ಹೆಂಗಸರು. ತಿರುಗಿ ಬರೋ ಹೊತ್ತಿಗೆ ಪಾತ್ರೆನೂ ಸತ್ತಿರುತ್ತೆ."

ಶಿವನ ದಯೆ, ಅಂದಿನಿಂದ ನಮ್ಮ ಹಟ್ಟಿಯಲ್ಲಿ ಒಂದು ಪಾತ್ರೆಯೂ ತಳ ಹಿಡಿದಿಲ್ಲ.

ಈಗ ನನ್ನ ಮಾನ ಹೋದ ಕಥೆಯನ್ನೂ ಹೇಳಬೇಕು. ಹೋದ ವರ್ಷ ಗ್ಯಾಸ್ ಬುಕಿಂಗಿಗೆ ಎಂದು ಬಂದ ಮೆಸೇಜಿನಲ್ಲಿ ಏನನ್ನೋ ಒತ್ತಿಬಿಟ್ಟೆ. ಯಾವುದೋ ಕಳ್ಳ ಆ್ಯಪ್ ಒಳಗೆ ಹೊಕ್ಕು, ನನ್ನ ಫೋನಿನಲ್ಲಿದ್ದ ಅಷ್ಟೂ ಜನಕ್ಕೆ 'ಉಚಿತ ರೇಷ್ಮೆ ಸೀರೆ ಬೇಕೆ?' ಎಂದು ನನ್ನ ಹೆಸರಿನಲ್ಲಿ ಕಳಿಸಿತು. ಮಠದ ಸ್ವಾಮಿಗಳಿಗೂ ಹೋಯಿತು. ಅವರು ಪಾಪ, 'ನಮಗೆ ಸೀರೆ ಬೇಡ ತಾಯಿ, ಆಶೀರ್ವಾದ' ಎಂದು ಉತ್ತರ ಬರೆದರು. ಫೋನು ಸರಿಮಾಡಿಕೊಟ್ಟವರು ಭಾವ. ಒಂದು ವಾರ ನಕ್ಕರು.

ಹಾಗಾಗಿ ಫೋನುಗಳಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಬರುತ್ತದೆ, ಇಂಥ ಕಳ್ಳರನ್ನು ಒಳಗೇ ಬಿಡುವುದಿಲ್ಲ ಎಂದು ಕೇಳಿ ನಾನು ದೇವರಿಗೆ ಎರಡು ಊದುಬತ್ತಿ ಹೆಚ್ಚಿಗೆ ಹಚ್ಚಿದೆ. ಭಾವನಿಗೆ ಮಾತ್ರ ಅದೇ ಸುದ್ದಿ ಬೇರೆಯಾಗಿ ಕೇಳಿಸಿತ್ತು. ಕಿತ್ತ ಟೀ ಎಲೆಯ ಮೂಟೆ ಇಟ್ಟುಕೊಂಡು ಲಾರಿಗೆ ಕಾಯುವ ಶೆಡ್ಡಿನಲ್ಲಿ ಒಂದು ಮಧ್ಯಾಹ್ನ ಅದೇ ಚರ್ಚೆ.

"ಗುರುತಿನ ಚೀಟಿ ಕೊಟ್ಟು ಕಂಪೆನಿಯಲ್ಲಿ ಹೆಸರು ಬರೆಸಿದೋನು ಮಾಡಿದ ಆ್ಯಪ್ ಮಾತ್ರ ಇನ್ನು ಫೋನಿನಲ್ಲಿ ನಿಲ್ಲೋದಂತೆ," ಎಂದರು ಭಾವ. "ಅದರಲ್ಲೂ ಮೆಸೇಜು ಓದೋ ಆ್ಯಪ್ ಅಂದರೆ ಇನ್ನೂ ಅನುಮಾನವಂತೆ. ನನ್ನದು ಮೆಸೇಜು ಓದಿ ತಾನೆ ಕೂಗೋದು?"

"ಒಳ್ಳೆಯದೇ ಆಯಿತು ಭಾವ. ಕಳ್ಳರು ಬರಲ್ಲ."

"ನಾನು ಕಳ್ಳನಾ?"

"ನೀವಲ್ಲ. ಆದರೆ ಅದು ಫೋನಿಗೆ ಹೇಗೆ ಗೊತ್ತಾಗಬೇಕು? ಗುಡಿಯೊಳಗೆ ಹೋಗೋಕೆ ಮುಂಚೆ ಎಲ್ಲರೂ ಕಾಲು ತೊಳೆಯಲ್ವಾ? ಹಾಗೇ ಅಂದುಕೊಳ್ಳಿ."

"ಕಾಲು ತೊಳೀತೀನಿ. ತೊಳೆದಿದ್ದೀನಿ ಅಂತ ಊಟಿಗೆ ಹೋಗಿ ಸರ್ಟಿಫಿಕೇಟ್ ತರ್ತೀನಾ?"

"ತಂದರೂ ಆ ಕಾಲು ನೋಡಿ ಯಾರಣ್ಣ ನಂಬ್ತಾರೆ?" ಎಂದರು ಗೌರಕ್ಕ. ಶೆಡ್ಡೆಲ್ಲ ನಕ್ಕಿತು. ಭಾವ ತಮ್ಮ ಗಂಬೂಟಿನ ಕೆಸರು ನೋಡಿಕೊಂಡು ತಾವೂ ನಕ್ಕರು. ಆದರೆ ಲಾರಿ ಬಂದಾಗ ನನ್ನ ಮೂಟೆಗೆ ಕೈ ಕೊಡುತ್ತ ಮೆಲ್ಲಗೆ, "ನಗೋ ಮಾತಲ್ಲ ಗುಂಡ್ಲುಪೇಟೆ. ಒಂದು ಮನೆ ತಪ್ಪಿದರೆ?" ಎಂದರು.

ತಪ್ಪಿಯೂ ಬಿಟ್ಟಿತು. ನನ್ನ ಫೋನಿಗೆ ಹೊಸ ಸಿಸ್ಟಮ್ ಹಾಕಿಸಿಕೊಂಡು ನಾನು ಬೀಗುತ್ತಿದ್ದ ದಿನಗಳಲ್ಲೇ ನಮ್ಮ ಹಟ್ಟಿಯ ಒಬ್ಬ ಹಿರಿಯರು ತೀರಿಕೊಂಡರು. ನನ್ನ ಫೋನು ಕೂಗಲಿಲ್ಲ. 'ಈ ಆ್ಯಪ್ ಅಪಾಯಕಾರಿ ಇರಬಹುದು, ತೆಗೆದಿದ್ದೇವೆ' ಎಂದು ತಣ್ಣಗೆ ಬರೆದುಕೊಂಡು ಕೂತಿತ್ತು. ಭಾವನ ಪಟ್ಟಿಯಲ್ಲಿ ಆರು ಮನೆಗಳಿಗೆ ಹಸಿರು ಗುರುತು ಬಿದ್ದಿರಲಿಲ್ಲ. ಐದಕ್ಕೆ ಫೋನು ಮಾಡಿ ಹೇಳಿದರು. ಆರನೆಯದು ಕಣಿವೆಯ ಆಚೆ ಎದುರು ಹಟ್ಟಿಯ ಮಾಸಿ ಅಜ್ಜಿಯ ಮನೆ. ತೀರಿಕೊಂಡವರು ಆಕೆಯ ತಂಗಿಯ ಗಂಡ.

ಭಾವ ನಮ್ಮ ಮನೆಯ ಮುಂದೆ ಬಂದು ನಿಂತರು. "ಜೊತೆಗೆ ಬಾ. ಫೋನಿನಲ್ಲಿ ನನ್ನ ದನಿ ಕೇಳಿದರೆ ಇಟ್ಟುಬಿಡ್ತಾರೆ. ನನ್ನ ಒಬ್ಬನನ್ನೇ ಕಂಡರೆ ಬಾಗಿಲು ಹಾಕ್ತಾರೆ."

ಮಂಜು ಕವಿದ ಟೀ ತೋಟದ ಕಾಲುದಾರಿ. ಪೊದೆಗಳಲ್ಲಿ ಕಾಟಿ, ಎಂದರೆ ಕಾಡುಕೋಣ, ಇದ್ದರೆ ಸರಿದುಹೋಗಲಿ ಎಂದು ಭಾವ ನಡೆಯುತ್ತ ಗಟ್ಟಿಯಾಗಿ ಮಾತಾಡುತ್ತಿದ್ದರು. ಕಾಟಿಗಳಿಗೆಂದು ಶುರುಮಾಡಿದ ಮಾತು ನನಗೆ ಹೇಳುವ ಮಾತಾಯಿತು. ನಲವತ್ತು ವರ್ಷದ ಹಿಂದೆ ಮಾಸಿ ಅಜ್ಜಿಯ ಆ ತಂಗಿ ತೀರಿಕೊಂಡಾಗ ಎದುರು ಹಟ್ಟಿಗೆ ಸುದ್ದಿ ಒಯ್ಯಲು ಹಿರಿಯರು ಕಳಿಸಿದ್ದು ಇವರನ್ನೇ. "ಆ ತಿರುವಿನವರೆಗೆ ಬಂದೆ. ಅವರ ಹಟ್ಟಿ ಮುಂದೆ ಜನ ಸೇರಿದ್ದು ಕಂಡಿತು. ಓ, ಗೊತ್ತಾಗಿದೆ, ಹೊರಟು ನಿಂತಿದ್ದಾರೆ ಅಂದುಕೊಂಡು ತಿರುಗಿಬಿಟ್ಟೆ. ಅವರು ಸೇರಿದ್ದು ಆಲೂಗಡ್ಡೆ ಲಾರಿಗೆ. ಮಾಸಿ ಅತ್ತೆ ಬರೋ ಹೊತ್ತಿಗೆ ಎಲ್ಲ ಮುಗಿದಿತ್ತು. ತಂಗಿ ಮುಖ ಕಾಣಲಿಲ್ಲ. ಅವತ್ತಿಂದ ನನ್ನ ಹತ್ತಿರ ಮಾತಿಲ್ಲ."

'ಸುದ್ದಿ' ಯಾಕೆ ಹುಟ್ಟಿತು ಎಂದು ನನಗೆ ತಿಳಿದದ್ದು ಆಗ.

ಅಜ್ಜಿ ಜಗಲಿಯಲ್ಲಿ ಕೂತು ಕಾಳು ಆರಿಸುತ್ತಿದ್ದರು. ನನ್ನನ್ನು ನೋಡಿದರು, ಹಿಂದೆ ನಿಂತವರನ್ನೂ ನೋಡಿದರು. ಹೇಳಬೇಕಾದದ್ದು ನಾನು ಎಂದು ಮಾತಾಗಿತ್ತು. ಭಾವ ಟೋಪಿ ತೆಗೆದು ಮುಂದೆ ಬಂದುಬಿಟ್ಟರು.

"ಮೊದಲು ಒಲೆ ಆರಿಸಿ ಅತ್ತೆ."

"ಇನ್ನೂ ಹಚ್ಚಿಲ್ಲ. ಹೇಳು."

ಭಾವ ಹೇಳಿದರು. ಅಜ್ಜಿ ಮೊರವನ್ನು ಪಕ್ಕಕ್ಕಿಟ್ಟು, ಶಾಲು ಬಿಗಿದುಕೊಂಡು ಅಂದರು: "ಈ ಸಲ ದಾರಿ ಗೊತ್ತಾಯಿತಾ?"

ಹಿರಿಯರ ಮುಂದೆ ತಲೆ ಬಾಗುವುದು, ಅವರು ತಲೆ ಮುಟ್ಟಿ ಹರಸುವುದು ಇಲ್ಲಿನ ಪದ್ಧತಿ. ಭಾವ ಬಾಗಿ ನಿಂತರು. ಅಷ್ಟು ಹೊತ್ತು ಬಾಗಿದವರನ್ನು ನಾನು ಕಂಡಿಲ್ಲ, ಎಪ್ಪತ್ತರ ಸೊಂಟ ಬೇರೆ. ಕೊನೆಗೆ ಅಜ್ಜಿಯ ಕೈ ಆ ಬೋಳು ತಲೆಯ ಮೇಲೆ ಬಂತು. "ಏಳು. ಸೊಂಟ ಹಿಡಿದುಕೊಂಡೀತು."

ಬರುವಾಗ ಭಾವ ಕಾಟಿಗಳ ನೆನಪೂ ಇಲ್ಲದೆ ಸುಮ್ಮನೆ ನಡೆದರು. ತಿರುವಿನ ಹತ್ತಿರ ಬಂದಾಗ, "ಇದು ಫೋನಿಗೆ ಬರಲ್ಲ ನೋಡು," ಎಂದರು.

ಮಾರನೆಯ ವಾರ ಪ್ರತಿ ಅಡುಗೆಮನೆಗೂ ಒಂದು ಚೀಟಿ ಬಂತು, ಭಾವನದೇ ದುಂಡನೆಯ ಅಕ್ಷರ. ಹಳೆಯ ಸಿಸ್ಟಮ್ ಇರುವ ಫೋನಿನವರು ಹೊಸದು ಇರುವವರ ಮನೆಗೆ ನಡೆದುಹೋಗಿ ಹೇಳಬೇಕು. ಗೌರಕ್ಕ ನನಗೆ, ಅವರಿಂದ ಕೇಳಿ ನಾನು ಮಾಸಿ ಅಜ್ಜಿಗೆ. ಕೆಳಗೆ ಒಂದು ಸಾಲು: 'ಬಾಯಿಂದ ಹೇಳುವವರೂ ಮೊದಲು ಒಲೆ ಆರಿಸುವುದು.'

ಇಷ್ಟಾದ ಮೇಲೆ ಒಂದು ದಿನ ಕಂಪೆನಿಗೆ ಅರ್ಜಿಯನ್ನೂ ಹಾಕಿದರು. "ನಿನ್ನ ಮಾತಿಗೇ ಹಾಕಿದ್ದು. ಸೀರೆ ಕಳ್ಳರು ಬರಬಾರದು, ಬೀಗ ಬೇಕು ಸರಿ. ಆದರೆ ನೆಂಟ ಯಾರು, ಕಳ್ಳ ಯಾರು ಅಂತ ಮನೆಯವರನ್ನ ಒಂದು ಮಾತು ಕೇಳಬೇಕೋ ಬೇಡವೋ?" ನನ್ನ ಫೋನಿಗೆ ಆಮೇಲೆ ಕಳ್ಳರು ಬಂದಿಲ್ಲ, ಅದೂ ನಿಜ. ಸಿಕ್ಕಾಗಲೆಲ್ಲ ಭಾವ ಫೋನು ಚಾಚಿ ತೋರಿಸುತ್ತಿದ್ದರು: 'ಪರಿಶೀಲನೆಯಲ್ಲಿದೆ.' ಮೊನ್ನೆ ಶೆಡ್ಡಿನಲ್ಲಿ ಕೊನೆಯ ಸಲ ಕಂಡಾಗಲೂ ಅದನ್ನೇ ತೋರಿಸಿ, "ನನ್ನ ಕಾಲು ಇನ್ನೂ ನೋಡ್ತಾ ಇದ್ದಾರೆ," ಎಂದು ನಕ್ಕರು.

ಬೆಳ್ಳುಳ್ಳಿಯನ್ನು ಹಾಗೇ ಬಿಟ್ಟು, ಹಣೆಗೆ ವಿಭೂತಿ ಇಟ್ಟುಕೊಂಡು ನಾನು ಕಣಿವೆಗೆ ಇಳಿದೆ. ತಿರುವಿನಲ್ಲಿ ನಿಲ್ಲಲಿಲ್ಲ. ಎದುರು ಹಟ್ಟಿಯ ಮುಂದೆ ಇವತ್ತೂ ಜನ ಇದ್ದರು, ಕ್ಯಾರೆಟ್ ಮೂಟೆ ಹೊರಿಸುತ್ತಿದ್ದರು.

"ಮೊದಲು ಒಲೆ ಆರಿಸಿ ಅಜ್ಜಿ," ಎಂದೆ.

ಮಾಸಿ ಅಜ್ಜಿ ಒಳಗೆ ಹೋಗಿ ಒಲೆಯ ಸೌದೆ ಹಿಂದಕ್ಕೆಳೆದು ಬಂದು ಜಗಲಿಯಲ್ಲಿ ಕೂತರು. ನನ್ನ ಹಿಂದೆ ದಾರಿಯತ್ತ ನೋಡಿದರು. ಯಾರೂ ಇರಲಿಲ್ಲ.

"ಅವನೇನಾ?"

ನಾನು ತಲೆ ಆಡಿಸಿದೆ. "ನಿಮಗೆ ಹೇಗೆ ಗೊತ್ತಾಯಿತು ಅಜ್ಜಿ?"

"ಬೇರೆಯವರು ಸತ್ತಿದ್ದರೆ ಹೇಳೋಕೆ ಅವನು ಬರ್ತಿದ್ದ."

ಅಜ್ಜಿಯ ಕೈ ಹಿಡಿದು ನಿಧಾನಕ್ಕೆ ಕಣಿವೆ ದಾಟಿಸಿ ಕಾಳಕ್ಕನ ಮನೆಗೆ ಕರೆದುಕೊಂಡು ಬಂದೆ. ಮುಖ ನೋಡಲು ಹೊತ್ತಿಗೆ ಸರಿಯಾಗಿ ಸೇರಿದರು. ಶಿವ ಅಷ್ಟು ನಡೆಸಿಕೊಟ್ಟ.

ದೂರದಿಂದ ಬಂದವರಿಗೆ ಊಟಕ್ಕೆ ಏನಾದರೂ ಆಗಬೇಕಿತ್ತು. ಮನೆಗೆ ಬಂದು ಕೈಕಾಲು ತೊಳೆದುಕೊಂಡೆ. ಕುಕ್ಕರಿನ ಕಾಳು ಅರೆಬೆಂದು ತಣ್ಣಗಾಗಿತ್ತು, ತಳ ಹಿಡಿದಿರಲಿಲ್ಲ. ಇನ್ನೆರಡು ಹಿಡಿ ಕಾಳು, ಒಂದು ಚೊಂಬು ನೀರು ಹಾಕಿ, ಮುಚ್ಚಳ ಬಿಗಿದು ಒಲೆ ಹಚ್ಚಿದೆ. ಕೂಗುಗಳನ್ನು ಮತ್ತೆ ಒಂದರಿಂದ ಎಣಿಸತೊಡಗಿದೆ.